ಕುಂಬಳಕಾಯಿಗೆ ಮೊದಲ ಏಟು

ಹಣಮಂತ ತಂದುಕೊಟ್ಟ ಕಾಯಿಗಳಿಗೆ ಕುತ್ತಿಗೆ ಇತ್ತು. ನನ್ನ ಸಂಕಟವೆಲ್ಲ ಆ ಕುತ್ತಿಗೆಯಿಂದಲೇ ಶುರುವಾಯಿತು.

ಹಣಮಂತ ನನ್ನ ಹಳೆಯ ವಿದ್ಯಾರ್ಥಿ. ಜಮಖಂಡಿಯ ಕಾಲೇಜಿನಲ್ಲಿ ನಾನು ಇತಿಹಾಸ ಹೇಳುತ್ತಿದ್ದಾಗ ಕೊನೆಯ ಬೆಂಚಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದವನು. ಏನು ನೋಡುತ್ತಿದ್ದ ಎಂಬುದು ಈಗ ಗೊತ್ತಾಗಿದೆ: ಹೊಲ. ಅವನ ಊರು ತುಬಚಿಯಲ್ಲಿ ಸುತ್ತಲಿನವರೆಲ್ಲ ನೀರು ಬಂದದ್ದೇ ಕಬ್ಬು ಹಚ್ಚಿ ನಿಶ್ಚಿಂತರಾದರೆ, ಇವನು ಒಂದು ಮೂಲೆಯಲ್ಲಿ ವರ್ಷಕ್ಕೊಂದು ಹೊಸ ಬೆಳೆ ತೆಗೆಯುತ್ತಾನೆ. ತೆಗೆದದ್ದರಲ್ಲಿ ಮೊದಲ ಫಲ ನಮ್ಮ ಮನೆಗೆ ಬರುತ್ತದೆ. ನಾನಿದನ್ನು ಗುರುಭಕ್ತಿ ಎಂದು ತಿಳಿದಿದ್ದೇನೆ. ತಾನು ತಿನ್ನುವ ಮುಂಚೆ ಯಾರಿಗಾದರೂ ತಿನ್ನಿಸಿ ನೋಡಬೇಕಲ್ಲ ಎಂಬುದು ನನ್ನ ಹೆಂಡತಿ ಶಾರದೆಯ ವಿವರಣೆ.

ಈ ಸಲ ತಂದದ್ದು ಎರಡು ಕಾಯಿ. ಬಣ್ಣ ಗೋದಿಹಿಟ್ಟಿನದು, ಮೈ ನುಣುಪು, ಕೆಳಗೆ ಹೊಟ್ಟೆ, ಮೇಲೆ ಗೇಣುದ್ದದ ಕುತ್ತಿಗೆ. ನೋಡಿದ ಕೂಡಲೇ ನನಗೆ ನೆನಪಾದದ್ದು ನೂಲು ಸುತ್ತಿದ ಕಂಡಿಕೆ. ಮಗ್ಗದ ಲಾಳಿಯೊಳಗೆ ಕೂಡುತ್ತದಲ್ಲ, ಆ ಪುಟ್ಟ ಸುರುಳಿ. ಅದನ್ನೇ ಯಾರೋ ರಾಕ್ಷಸರ ಮಗ್ಗಕ್ಕೆಂದು ಮಾಡಿದಂತಿತ್ತು.

"ಸರ, ಇದು ಬಟರ್‌ನಟ್ ಸ್ಕ್ವಾಷ್ ಅಂತ. ಪುಣೇದಾಗ ಭಾಳ ನಡೀತೈತಿ," ಎಂದ ಹಣಮಂತ.

ಯಾವ ಜಾತಿಯ ಕಾಯಿ ಎಂದು ಕೇಳಿದೆ.

"ಕುಂಬಳಾನ ರೀ ಸರ. ಅಂದ್ರ, ಕುಂಬಳ ಅಲ್ಲ. ಕುಂಬಳದಂಗ."

ಪರೀಕ್ಷೆಯ ಪೇಪರಿನಲ್ಲೂ ಅವನು ಹೀಗೆಯೇ ಉತ್ತರ ಬರೆಯುತ್ತಿದ್ದ. ಆಗೆಲ್ಲ ಅರ್ಧ ಅಂಕ ಕೊಟ್ಟು ಮುಂದೆ ಹೋಗುತ್ತಿದ್ದೆ. ಈ ಸಲ ಹಾಗೆ ಮುಂದೆ ಹೋಗಲು ಆಗಲಿಲ್ಲ. ಯಾಕೆಂದರೆ ಅವನನ್ನು ಬಾಗಿಲವರೆಗೆ ಬಿಟ್ಟು ಬರುವಷ್ಟರಲ್ಲಿ ಶಾರದಾ ಒಂದು ಕಾಯಿಯನ್ನು ಸಿಪ್ಪೆ ಹೆರೆದು, ಹೋಳು ಮಾಡಿ, ನೀರಿಗೆ ಹಾಕಿಯಾಗಿತ್ತು.

"ಕುಂಬಳಕಾಯಿ ನೀ ಯಾಕ ಹೆಚ್ಚಿದಿ?" ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ತುಸು ಎತ್ತರಕ್ಕೆ ಹೋಗಿತ್ತು.

"ಇದ್ಯಾವ ಕುಂಬಳರೀ? ಗಜ್ಜರಿ ಹೆಚ್ಚಿದಂಗ ಹೆಚ್ಚಿದೆ. ಇದಕ್ಕೂ ನೀವ ಬರಬೇಕೇನು?"

ನೀವು ಬೇರೆ ಸೀಮೆಯವರಾಗಿದ್ದರೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲು ಚಾಕು ಹಾಕುವುದಿಲ್ಲ. ಕುಂಬಳವೆಂದರೆ ಮನೆಯ ಹಿರಿಮಗನಿದ್ದಂತೆ, ತಾಯಿಯಾದವಳು ಅದಕ್ಕೆ ಕೈಯೆತ್ತಬಾರದು ಎನ್ನುತ್ತಾರೆ. ಅಪ್ಪನಾದವನು ಎತ್ತಬಹುದೇ ಎಂದು ಯಾರೂ ಕೇಳಿದಂತಿಲ್ಲ. ಗಂಡಸೊಬ್ಬ ಬಂದು ಮೊದಲ ಏಟು ಹಾಕಿ ಎರಡು ಹೋಳು ಮಾಡಿದರಾಯಿತು, ಆಮೇಲೆ ಅದು ಬರೀ ತರಕಾರಿ. ಹೆಂಗಸರು ಎಷ್ಟು ಚೂರು ಬೇಕಾದರೂ ಮಾಡಿಕೊಳ್ಳಬಹುದು. ಸಂತೆಯಲ್ಲಿ ಹೆಚ್ಚಿದ ಹೋಳು ತಂದರೆ ಆ ತಾಪತ್ರಯವೂ ಇಲ್ಲ, ಮಾರುವವನೇ ಗಂಡಸಿನ ಕೆಲಸ ಮುಗಿಸಿರುತ್ತಾನೆ. ಶಾರದಾ ಮದುವೆಯಾದಂದಿನಿಂದ ಹೋಳನ್ನೇ ತರುತ್ತಾಳೆ. ಅದರಲ್ಲಿ ನನ್ನ ಬಗ್ಗೆ ಏನಾದರೂ ಅಭಿಪ್ರಾಯ ಅಡಗಿದೆಯೇ ಎಂದು ನಾನು ಇದುವರೆಗೆ ಕೇಳಿಲ್ಲ.

ನನಗೆ ಈ ವಿಷಯ ಯಾಕೆ ಇಷ್ಟು ನಾಟಿತು ಎಂದರೆ, ಕುಂಬಳಕಾಯಿ ಹೆಚ್ಚುವುದು ನನ್ನ ಮೊದಲ ಹುದ್ದೆ. ಮಾಸ್ತರಿಕೆ ಎರಡನೆಯದು. ಅದರಿಂದ ನಿವೃತ್ತನಾಗಿದ್ದೇನೆ, ಇದರಿಂದ ಆಗಿಲ್ಲ.

ರಬಕವಿಯಲ್ಲಿ ನನ್ನ ಚಿಗವ್ವ ಇದ್ದಾಳೆ, ಅವ್ವನ ತಂಗಿ, ಹೆಸರು ಗೌರವ್ವ. ಸಾಲಿ ಸೂಟಿ ಬಿಟ್ಟಿತೆಂದರೆ ನನ್ನನ್ನು ಅವಳ ಮನೆಗೆ ಕಳಿಸುತ್ತಿದ್ದರು. ಆ ಓಣಿ ಪೂರ್ತಿ ನೇಕಾರರದು. ಬೆಳಗಾದರೆ ಗಂಡಸರೆಲ್ಲ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತುಬಿಡುವರು. ಕೈಯಲ್ಲಿ ಲಾಳಿಯ ಹಗ್ಗ, ಕಾಲಡಿ ಹಲಗೆ. ನಡುವೆ ಎಬ್ಬಿಸಿದರೆ ಬಟ್ಟೆಯ ಹೊಡೆತ ಏರುಪೇರಾಗುತ್ತದೆ, ಸೀರೆಯ ಮೇಲೆ ಗೆರೆ ಬೀಳುತ್ತದೆ. ಕುಂಬಳಕಾಯಿಗಾಗಿ ಮಗ್ಗ ನಿಲ್ಲಿಸುವ ಗಂಡಸು ಆ ಓಣಿಯಲ್ಲಿ ಇರಲಿಲ್ಲ. ಆದರೆ ಅಡಿಗೆ ಆಗಬೇಕಲ್ಲ. ಹೀಗಾಗಿ ಓಣಿಯ ಹೆಂಗಸರಿಗೆ ಹಗಲು ಹೊತ್ತು ಕೆಲಸವಿಲ್ಲದ ಒಬ್ಬ ಗಂಡಸಿನ ಜರೂರಿತ್ತು. ಏಳು ವರ್ಷದ ನಾನು ಸಿಕ್ಕೆ.

ನನ್ನ ನೆನಪಿನಲ್ಲಿ ಅದು ಹೀಗಿದೆ. ಯಾವುದೋ ಬಾಗಿಲಿಂದ "ಗೌರವ್ವಾ, ನಿನ್ನ ಅಕ್ಕನ ಮಗನ್ನ ಕಳಸ" ಎಂಬ ಕೂಗು ಬರುತ್ತದೆ. ನಾನು ಚಡ್ಡಿ ಏರಿಸಿಕೊಂಡು ಹೋಗುತ್ತೇನೆ. ಪಡಸಾಲೆಯಲ್ಲಿ ಮಣೆಯ ಮೇಲೆ ಕುಂಬಳಕಾಯಿ ಕೂತಿದೆ, ಮೈತುಂಬ ಅರಿಷಿಣ. ಮನೆಯಾಕೆ ಕೊಯ್ತಾ ಕೊಡುತ್ತಾಳೆ, ಕಬ್ಬು ಕಡಿಯುವಂಥದು, ನನ್ನ ತೋಳಿನಷ್ಟು ಉದ್ದ. ಎತ್ತಿ ಒಂದು ಏಟು ಹಾಕುತ್ತೇನೆ. ಕಾಯಿ ಎರಡಾಗಿ ಬೀಳುತ್ತದೆ. ಹೆಂಗಸರು ಬಾಯಿಯ ಮೇಲೆ ಸೆರಗು ಇಟ್ಟುಕೊಂಡು ಅಬ್ಬಾ ಎನ್ನುತ್ತಾರೆ. ಮಧ್ಯಾಹ್ನ ಆ ಮನೆಯಿಂದ ನನ್ನ ಪಾಲಿನ ಗಾರಿಗಿ ಬರುತ್ತದೆ. ಬೆಲ್ಲದಲ್ಲಿ ಬೆಂದ ಕುಂಬಳಕ್ಕೆ ಗೋದಿಹಿಟ್ಟು ಕಲಸಿ, ಗಸಗಸೆ ಒತ್ತಿ, ಎಣ್ಣೆಯಲ್ಲಿ ಕರಿದದ್ದು. ಅಂಚು ಗರಿ, ನಡುವೆ ಮೆತ್ತಗೆ.

ನೆನಪನ್ನು ನಾನು ಸುಮ್ಮನೆ ನಂಬುವವನಲ್ಲ. ಹತ್ತೊಂಬತ್ತನೆಯ ವಯಸ್ಸಿನಿಂದ ದಿನಚರಿ ಬರೆಯುತ್ತಿರುವುದೇ ಅದಕ್ಕೆ. ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಯನ್ನು ಈ ದಂಡೆಯಿಂದ ಆ ದಂಡೆಗೆ ಈಜಿದೆನೆಂದು ಎಷ್ಟೋ ವರ್ಷ ಮಕ್ಕಳಿಗೆಲ್ಲ ಹೇಳಿಕೊಂಡು ಬಂದಿದ್ದೆ. ಒಂದು ದಿನ ಹಳೆಯ ದಿನಚರಿ ತೆಗೆದು ನೋಡಿದರೆ ಅಲ್ಲಿ ಇದ್ದದ್ದು ಇಷ್ಟು: "ಮೊಣಕಾಲಮಟ ಇಳಿದೆ. ನೀರು ತಣ್ಣಗಿತ್ತು. ಮೇಲೆ ಬಂದೆ." ಅಂದಿನಿಂದ ಯಾವ ಕಥೆ ಹೇಳುವ ಮೊದಲೂ ಪುಟ ತಿರುವಿ ನೋಡುತ್ತೇನೆ. ಕುಂಬಳದ ವಿಷಯವನ್ನೂ ಹುಡುಕಿದೆ. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗಿನ ಪುಟದಲ್ಲಿ ಸಿಕ್ಕಿತು: "ರಬಕವಿ. ಚಿಗವ್ವನ ಮನೆ. ಕುಂಬಳ ಹೆಚ್ಚಿದೆ. ಒಂದೇ ಏಟು." ಸಮಾಧಾನವಾಯಿತು. ಇದೊಂದಾದರೂ ಖರೆ. ಆದರೆ ಇತಿಹಾಸ ಹೇಳಿದವನಿಗೆ ಒಂದು ಕೆಟ್ಟ ಚಾಳಿ: ದಾಖಲೆ ಯಾರು ಬರೆದದ್ದು ಎಂದು ಕೇಳಿಕೊಳ್ಳುವುದು. ಬರೆದವನು ಕೊಯ್ತಾ ಹಿಡಿದವನೇ. ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಈ ಹುದ್ದೆ ಈಗಲೂ ನಡೆದಿದೆ. ಓಣಿಯ ಬೇರೆ ಮನೆಗಳಿಂದ ಕರೆ ಬರುವುದು ನಿಂತು ಕಾಲವಾಯಿತು. ಎಲ್ಲ ಕಡೆ ಪವರ್‌ಲೂಮ್ ಬಂದವು. ಒಂದು ಬಟನ್ ಒತ್ತಿ ಗಂಡಸರು ಏಳಬಹುದು. ಆದರೆ ಚಿಗವ್ವ ಮಾತ್ರ ಇಂದಿಗೂ ವರ್ಷಕ್ಕೆ ಮೂರು ನಾಲ್ಕು ಸಲ ಫೋನು ಮಾಡುತ್ತಾಳೆ. ಹೇಗಿದ್ದೀ ಏನು ಎಂದು ಕೇಳುವುದಿಲ್ಲ. "ಕುಂಬಳ ಐತಿ. ಬಾ," ಎಂದು ಇಟ್ಟುಬಿಡುತ್ತಾಳೆ. ಅವಳ ಮಗ ಪ್ರಕಾಶ ಮನೆಯ ಹಿಂದಿನ ಶೆಡ್ಡಿನಲ್ಲೇ ಎರಡು ಪವರ್‌ಲೂಮ್ ನಡೆಸುತ್ತಾನೆ, ಹತ್ತು ಹೆಜ್ಜೆಯ ದೂರ. ಅವನು ಯಾಕೆ ಹೆಚ್ಚಬಾರದು ಎಂದು ಒಮ್ಮೆ ಕೇಳಿದ್ದೆ. ಪ್ರಕಾಶ ಹಿರಿಮಗ, ಕುಂಬಳವೂ ಹಿರಿಮಗ, ಹಿರಿಮಗ ಹಿರಿಮಗನನ್ನು ಹೆಚ್ಚಬಾರದು ಎಂದಳು. ನಾನು ನಮ್ಮಪ್ಪನಿಗೆ ಎರಡನೆಯವನು. ಈ ಉಪನಿಯಮವನ್ನು ನಾನು ಬೇರೆ ಎಲ್ಲೂ ಕೇಳಿಲ್ಲ. ಆದರೂ ನನ್ನ ಅನುಕೂಲಕ್ಕಿರುವ ನಿಯಮವನ್ನು ಕೆದಕಿ ನೋಡುವಷ್ಟು ದೊಡ್ಡ ಸಂಶೋಧಕ ನಾನಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಇಕ್ಕಟ್ಟು ನಿಮಗೆ ತಿಳಿದಿರಬೇಕು. ಹಣಮಂತನ ಕಾಯಿ ಕುಂಬಳವಲ್ಲ ಎಂದಾದರೆ ಅದನ್ನು ಹೆಂಗಸರು ತಾವೇ ಹೆಚ್ಚುತ್ತಾರೆ. ಇಂದು ಶಾರದಾ, ನಾಳೆ ರಬಕವಿ. ಸಿಪ್ಪೆ ತೆಳು, ಸಣ್ಣ ಗಾತ್ರ, ಕೊಯ್ತಾ ಬೇಡ, ಗಂಡಸು ಬೇಡ. ಒಂದು ಸಲ ರುಚಿ ಹತ್ತಿದರೆ ನಮ್ಮ ದೊಡ್ಡ ಕುಂಬಳವನ್ನು ಅಟ್ಟಕ್ಕೆ ಏರಿಸುವವರು ಯಾರು? "ಕುಂಬಳ ಐತಿ, ಬಾ" ಎಂಬ ಫೋನು ಬರುವುದೆಲ್ಲಿಂದ? ಅದೂ ಕುಂಬಳವೇ ಎಂದಾದರೆ ನನ್ನ ಹುದ್ದೆ ಉಳಿಯುತ್ತದೆ. ಆದರೆ ಆಗ ಈ ನಿನ್ನೆ ಮೊನ್ನೆಯ ಕುತ್ತಿಗೆಕಾಯಿಯನ್ನು ನಮ್ಮ ಕುಂಬಳದ ಪಂಕ್ತಿಯಲ್ಲಿ ಕೂಡಿಸಬೇಕು. ಅದಕ್ಕೂ ಮನಸ್ಸು ಒಪ್ಪದು.

ಶಾರದಾ ಮಾಡಿದ ಪಲ್ಯವನ್ನು ಬಹಳ ಗಂಭೀರನಾಗಿ ಉಂಡೆ. ತಪ್ಪು ಹುಡುಕಬೇಕೆಂದೇ ಕೂತಿದ್ದೆ. ಸಿಕ್ಕಲಿಲ್ಲ. ಹೋಳುಗಳು ಬೆಂದರೂ ಮೈ ಬಿಟ್ಟಿರಲಿಲ್ಲ, ಬೋಗುಣಿಯಲ್ಲಿ ನೀರಾಡುತ್ತಿರಲಿಲ್ಲ, ನಾರು ಹಲ್ಲಿಗೆ ಸಿಗಲಿಲ್ಲ. ಕುತ್ತಿಗೆಯ ಭಾಗವೆಲ್ಲ ಗಟ್ಟಿ ತಿರುಳು, ಬೀಜ ಇದ್ದದ್ದು ಹೊಟ್ಟೆಯಲ್ಲಿ ಮಾತ್ರ. ರುಚಿ ಹುರಿದ ಶೇಂಗಾ ಮತ್ತು ಬೇಯಿಸಿದ ಗೆಣಸು ಇವೆರಡರ ನಡುವೆ ಎಲ್ಲೋ ಇತ್ತು. ಬೆಲ್ಲ ಹಾಕದಿದ್ದರೂ ಸಿಹಿ.

ಆದರೆ ನನ್ನ ತಕರಾರು ಅದೇ. ನಮ್ಮ ಕುಂಬಳಕ್ಕೆ ಸ್ವಂತದ ರುಚಿ ಕಡಿಮೆ, ಇನ್ನೊಬ್ಬರ ಮಾತು ಕೇಳುವ ಗುಣ ಹೆಚ್ಚು. ಹುಣಸೆ ಹಿಂಡಿದರೆ ಹುಳಿಯ ಕಡೆ ಹೋಗುತ್ತದೆ, ಗುರೆಳ್ಳು ಪುಡಿ ಉದುರಿಸಿದರೆ ಅದರ ಹಿಂದೆ, ಬೆಲ್ಲ ಹಾಕಿದರೆ ಹಬ್ಬಕ್ಕೇ ಬಂದುಬಿಡುತ್ತದೆ. ಈ ಹೊಸ ಕಾಯಿ ಸಕ್ಕರೆ ಕಟ್ಟಿಕೊಂಡು ಬಂದ ನೆಂಟನ ಹಾಗೆ. ಏನು ಹಾಕಿದರೂ ನನ್ನ ಹತ್ತಿರ ಐತಿ ಎನ್ನುತ್ತದೆ. ಇದನ್ನೆಲ್ಲ ಶಾರದೆಗೆ ವಿವರಿಸಿದೆ. ಇನ್ನೊಂದಿಷ್ಟು ಹಾಕಲೇ ಎಂದು ಕೇಳಿದಳು. ಹಾಕು ಎಂದೆ.

ಗಾರಿಗಿಯಲ್ಲಿ ಅದರ ಬಣ್ಣ ಬಯಲಾಗುತ್ತದೆ ಎಂದು ನಿಶ್ಚಯಿಸಿದೆ. ಅದು ಕುಂಬಳ ಹೌದೋ ಅಲ್ಲವೋ ಎಂಬುದನ್ನು ಹೇಳಬಲ್ಲವಳೂ ಚಿಗವ್ವ ಒಬ್ಬಳೇ. ಆ ವಾರದಲ್ಲೇ ಫೋನು ಬಂತು. ಉಳಿದ ಒಂದು ಕಾಯಿಯನ್ನು ಚೀಲದಲ್ಲಿಟ್ಟುಕೊಂಡು ರಬಕವಿಯ ಬಸ್ಸು ಹತ್ತಿದೆ. ಹತ್ತು ಗಂಟೆಗೆ ಬರುತ್ತೇನೆಂದು ಹೇಳಿದ್ದವನು ಆತುರಕ್ಕೆ ಒಂದು ಬಸ್ಸು ಮೊದಲೇ ಹೋದೆ. ಆಮೇಲೆ ನಡೆದದ್ದಕ್ಕೆಲ್ಲ ಆ ಒಂದು ಬಸ್ಸೇ ಕಾರಣ.

ನಾನು ಹೋದಾಗ ಚಿಗವ್ವ ದೇವರ ಮುಂದೆ ಕೂತಿದ್ದಳು. ಎಂಬತ್ತರ ಹತ್ತಿರದವಳು, ಪೂಜೆ ಮುಗಿಯದೆ ಮಾತಾಡುವುದಿಲ್ಲ. ಪಡಸಾಲೆಯಲ್ಲಿ ಕುಂಬಳ ಆಗಲೇ ಕೂತಿತ್ತು. ಪ್ರಕಾಶ ಬೆಳಿಗ್ಗೆ ಅಟ್ಟದಿಂದ ಇಳಿಸಿಟ್ಟಿದ್ದನಂತೆ. ರನ್ನ ಬೆಳಗಲಿ ಊರಿನ ಕಾಯಿ, ಚಕ್ಕಡಿ ಗಾಲಿಯ ನಡುವಿನ ಗುಂಬದಂತೆ ದುಂಡಗೆ, ಆಳವಾದ ಗೆರೆಗಳು, ತಟ್ಟಿದರೆ ಬಾಗಿಲು ತಟ್ಟಿದ ಸಪ್ಪಳ. ಚಿಗವ್ವ ಬರುವುದರೊಳಗೆ ಕೆಲಸ ಮುಗಿಸಿಬಿಡೋಣ, ಹೊಸ ಕಾಯಿಯ ವಿಚಾರಕ್ಕೆ ಹೆಚ್ಚು ಹೊತ್ತು ಸಿಗುತ್ತದೆ ಎಂದುಕೊಂಡೆ. ಪ್ರಕಾಶನ ಹೆಂಡತಿ ಸುವರ್ಣಾಳಿಗೆ ಕೊಯ್ತಾ ತರಲು ಹೇಳಿದೆ.

"ಅತ್ತಿ ಬರಲಿ ತಡೀರಿ ಭಾವಾರ. ಅವರು ಇನ್ನಾ ಅರಿಷಿಣ ಹಚ್ಚಿಲ್ಲ," ಎಂದಳು ಅವಳು.

ಅರಿಷಿಣ ಆಮೇಲೆ ಹಚ್ಚಿದರಾಯಿತು, ನಾನೇನು ಇವತ್ತು ಹೊಸದಾಗಿ ಹೆಚ್ಚುತ್ತೇನೆಯೇ ಎಂದೆ. ಅಂಗಿಯ ತೋಳು ಮಡಚಿದೆ. ಕೊಯ್ತಾ ಎತ್ತಿ ಐವತ್ತಾರು ವರ್ಷದ ಅನುಭವವನ್ನೆಲ್ಲ ಸೇರಿಸಿ ಒಂದು ಏಟು ಹಾಕಿದೆ.

ಕೊಯ್ತಾ ಎರಡು ಬೆರಳಿನಷ್ಟು ಒಳಹೊಕ್ಕು ನಿಂತಿತು. ಎಳೆದೆ. ಬರಲಿಲ್ಲ. ಅಲುಗಾಡಿಸಿದೆ. ಕುಂಬಳವೂ ಅಲುಗಾಡಿತು. ಮತ್ತೊಂದು ಏಟು ಹಾಕೋಣವೆಂದು ಎತ್ತಿದರೆ ಕೊಯ್ತಾದ ಜೊತೆಗೆ ಕುಂಬಳವೂ ಮೇಲೆ ಬಂತು. ತಲೆಯ ಮೇಲೆ ಕುಂಬಳ ಎತ್ತಿಹಿಡಿದು ನಡುಮನೆಯಲ್ಲಿ ನಿಂತವನಿಗೆ ಮುಂದೇನು ಮಾಡಬೇಕೆಂದು ತೋಚಲಿಲ್ಲ. ಸುವರ್ಣಾ ಸೆರಗು ಬಾಯಿಗೆ ಇಟ್ಟುಕೊಂಡಳು. ಓಣಿಯ ಹೆಂಗಸರು ಹೀಗೆಯೇ ಸೆರಗು ಇಟ್ಟುಕೊಳ್ಳುತ್ತಿದ್ದರು ಎಂಬುದು ಆ ಗಳಿಗೆಯಲ್ಲೂ ನೆನಪಾಯಿತು. ಸಪ್ಪಳ ಕೇಳಿ ಪ್ರಕಾಶ ಮಗ್ಗ ನಿಲ್ಲಿಸಿ ಬಂದ. ಕಾಯಿಯನ್ನು ಕೆಳಗಿಟ್ಟು, ಅದರ ಮೇಲೆ ಕಾಲೊತ್ತಿ, ಕೊಯ್ತಾ ಕಿತ್ತುಕೊಟ್ಟ.

ಅಷ್ಟರಲ್ಲಿ ಚಿಗವ್ವ ಹೊರಗೆ ಬಂದಳು. ನನ್ನನ್ನು ನೋಡಿದಳು, ಕಾಯಿಯ ನೆತ್ತಿಯ ಗಾಯ ನೋಡಿದಳು.

"ಅರಿಷಿಣ ಹಚ್ಚದ ಕೊಯ್ತಾ ಹಾಕಿದಿ? ಅದಕ್ಕ ಸಿಟ್ಟ ಬಂದೈತಿ," ಎಂದಳು. "ತಡಿ, ಹಚ್ಚಿಕೊಂಡ ಬರತೇನಿ."

ಪ್ರಕಾಶ ಕಾಯಿಯನ್ನು ಅಡಿಗೆಮನೆಗೆ ಒಯ್ದಿಟ್ಟ. ಚಿಗವ್ವ ಒಳಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಒಳಗಿನಿಂದ ಕರಕರ ಎಂದು ಸಣ್ಣ ಸಪ್ಪಳ ಬರುತ್ತಿತ್ತು. ಗಾರಿಗಿಗೆ ಕೊಬ್ಬರಿ ತುರಿಯುತ್ತಿರಬೇಕು ಎಂದುಕೊಂಡೆ. ಗಾರಿಗಿಗೆ ಯಾರೂ ಕೊಬ್ಬರಿ ಹಾಕುವುದಿಲ್ಲ ಎಂಬುದು ಹೊಳೆಯಲಿಲ್ಲ. ಸ್ವಲ್ಪ ಹೊತ್ತಿಗೆ ಕಾಯಿ ಹೊರಗೆ ಬಂತು. ನಡುವಿನ ಸುತ್ತ ಪಟ್ಟಿ ಎಳೆದಂತೆ ದಪ್ಪ ಅರಿಷಿಣ, ಮೇಲೊಂದು ಕುಂಕುಮ.

"ಹಾಂ. ಈಗ ಹಾಕು. ಪಟ್ಟಿ ಮ್ಯಾಲ ಹಾಕು."

ಹಾಕಿದೆ. ಕಾಯಿ ಎರಡಾಗಿ ಬಿದ್ದು ತೊಟ್ಟಿಲ ಹಾಗೆ ತೂಗಿತು. ಪ್ರಕಾಶ ಹೌದಪಾ ಎಂಬಂತೆ ತಲೆಯಾಡಿಸಿ ಮಗ್ಗಕ್ಕೆ ಹೋದ. ನನ್ನ ಎದೆ ಮತ್ತೆ ಅಂಗಿಯ ತುಂಬ ಆಯಿತು. ಬೀಜ ತೆಗೆದುಕೊಡುತ್ತೇನೆ ಎಂದು ನಾನೇ ಒಂದು ಹೋಳನ್ನು ಎಳೆದುಕೊಂಡು ಕೂತೆ.

ಬೀಜ ತೆಗೆಯುವಾಗ ಹೆಚ್ಚಿದ ಅಂಚು ಕಣ್ಣಿಗೆ ಬಿತ್ತು. ಸಿಪ್ಪೆಯ ಕಡೆಯಿಂದ ಒಂದು ಬೆರಳಿನಷ್ಟು ಆಳದವರೆಗೆ ತಿರುಳು ರೇಶಿಮೆಯ ಹಾಗೆ ನುಣ್ಣಗಿತ್ತು. ಒಳಗಿನ ಉಳಿದ ಭಾಗ ಹರಿದಂತೆ ಒರಟಾಗಿತ್ತು. ನುಣ್ಣಗಿನ ಭಾಗದೊಳಗೆಲ್ಲ ಅರಿಷಿಣ ಇಳಿದಿತ್ತು. ಇನ್ನೊಂದು ಹೋಳು ನೋಡಿದೆ. ಅಲ್ಲೂ ಹಾಗೆಯೇ, ಸುತ್ತೂ ಒಂದೇ ಸಮ. ಅಡಿಗೆಮನೆಯ ಬಾಗಿಲು ಈಗ ತೆರೆದಿತ್ತು. ಒಳಗೆ ಈಳಗಿ ನಿಂತಿತ್ತು, ಅದರ ಅಲಗಿಗೆ ಹಳದಿ ತಿರುಳು ಮೆತ್ತಿಕೊಂಡಿತ್ತು.

ಒಂದೇ ಪುರಾವೆಯ ಮೇಲೆ ತೀರ್ಮಾನಕ್ಕೆ ಬರಬಾರದೆಂದು ಮೂವತ್ತು ವರ್ಷ ಪಾಠ ಹೇಳಿದ್ದೆ. ಆದರೆ ಅಲಗಿನ ಮೇಲಿನ ತಿರುಳು ಇನ್ನೂ ಹಸಿಯಾಗಿತ್ತು.

ನಾನು ಹೋಳು ಹಿಡಿದು ಕೂತಿದ್ದಂತೆಯೇ ಸುವರ್ಣಾ ಚೀಲದಿಂದ ಹಣಮಂತನ ಕಾಯಿ ತೆಗೆದಳು. ಎಷ್ಟು ಚಂದ ಐತಿ, ಕಂಡಕಿ ಇದ್ದಂಗ ಐತಿ ಎಂದು ತಿರುಗಿಸಿ ನೋಡಿದಳು. ಇದನ್ನು ತಾನೇ ಹೆಚ್ಚಿಬಿಡಲೇ ಎಂದು ಅತ್ತೆಯನ್ನು ಕೇಳಿದಳು. ನಾನು ಜಮಖಂಡಿಯಿಂದ ಹೊತ್ತು ತಂದ ಪ್ರಶ್ನೆಯನ್ನು ಅವಳು ಒಂದೇ ಮಾತಿನಲ್ಲಿ ಮುಂದಿಟ್ಟಿದ್ದಳು. ಚಿಗವ್ವ ಕಾಯಿಯನ್ನು ಕೈಗೆ ತೆಗೆದುಕೊಂಡು ತೂಗಿದಳು, ಮೂಸಿದಳು, ಗೆಣ್ಣಿನಿಂದ ತಟ್ಟಿದಳು, ಕೊನೆಗೆ ತೊಟ್ಟನ್ನು ಕಣ್ಣ ಹತ್ತಿರ ಹಿಡಿದಳು. ಆಮೇಲೆ ನನ್ನ ಮುಖ ನೋಡಿದಳು. ಮುಖದಲ್ಲಿ ಏನು ಕಂಡಿತೋ.

"ತಡಿ, ಸುವರ್ಣಾ. ಕುತಗಿ ಇದ್ದರ ಏನಾತು, ತೊಟ್ಟು ಕುಂಬಳದ್ದ. ನೋಡ, ಐದು ಮೂಲಿ ಹೆಂಗ ಐತಿ. ಅವನ ಹೆಚ್ಚಲಿ." ಆಮೇಲೆ ಎದ್ದಳು. "ಅರಿಷಿಣ ಹಚ್ಚಿಕೊಂಡ ಬರತೇನಿ."

ಹುದ್ದೆ ಉಳಿಯಿತು. ನಾನು ಕೇಳಲು ಬಂದದ್ದು ಇದೇ ತೀರ್ಪು. ಸುಮ್ಮನಿದ್ದರೆ ಎಲ್ಲವೂ ಇದ್ದ ಹಾಗೆ ನಡೆಯುತ್ತಿತ್ತು.

"ಚಿಗವ್ವಾ, ಇದಕ್ಕ ಅರಿಷಿಣ ಬ್ಯಾಡ," ಎಂದೆ.

ಅವಳು ನಿಂತಳು. ನನ್ನ ಕೈಯಲ್ಲಿನ ಹೋಳು, ಅದರ ಹಳದಿ ಅಂಚು, ಎಲ್ಲ ನೋಡಿದಳು. ಬಂದು ಮಣೆಯ ಮೇಲೆ ಕೂತಳು.

"ಯಾವಾಗಿಂದ?" ಎಂದು ಕೇಳಿದೆ.

"ಎರಡನೇ ಕುಂಬಳದಿಂದ," ಎಂದಳು.

ಮೊದಲ ಕುಂಬಳ ನನಗೆ ನೆನಪೇ ಇಲ್ಲ. ಅವಳಿಗೆ ಚೆನ್ನಾಗಿ ನೆನಪಿದೆ. ಏಳು ವರ್ಷದ ನಾನು ಕೊಯ್ತಾ ಎತ್ತಲಾರದೆ ಎತ್ತಿ ಹಾಕಿದೆನಂತೆ. ಕಾಯಿ ಉರುಳಿ ಬಾಗಿಲಾಚೆ ಹೋಯಿತಂತೆ. ಹೆಂಗಸರು ಬಿದ್ದು ಬಿದ್ದು ನಕ್ಕರಂತೆ. ನಾನು ಓಡಿಹೋಗಿ ಚಿಗವ್ವನ ಗಂಡ ಕಾಕಾನ ಮಗ್ಗದ ಕುಣಿಯೊಳಗೆ ಇಳಿದು, ಅವನ ಕಾಲು ಹಿಡಿದುಕೊಂಡು ಕೂತೆನಂತೆ. ಎಷ್ಟು ಕರೆದರೂ ಮೇಲೆ ಬರಲಿಲ್ಲವಂತೆ. ಕುಂಬಳಕ್ಕೆ ಏಳದ ಕಾಕಾ ಆವತ್ತು ನನಗಾಗಿ ಮಗ್ಗ ನಿಲ್ಲಿಸಿದನಂತೆ. ಮರುದಿನ ಅವ್ವನ ಕಡೆ ಹೋಗುತ್ತೇನೆಂದು ಹಟ ಹಿಡಿದೆನಂತೆ. ಎರಡನೆಯ ಕುಂಬಳಕ್ಕೆ ಚಿಗವ್ವ ಈಳಗಿಯ ಮೇಲೆ ಸುತ್ತಲೂ ಒಂದು ಸೀಳು ಎಳೆದು, ಸೀಳು ಕಾಣದಂತೆ ಅರಿಷಿಣ ಬಳಿದಳು.

"ಉಳದ ಮನಿಗೋಳಾಗ?" ಎಂದೆ. ಕೇಳಬಾರದಿತ್ತು.

"ಎಲ್ಲಾರಿಗೂ ಹೇಳಿಟ್ಟಿದ್ದೆ. ಮದಲ ಅರಿಷಿಣ ಹಚ್ಚಿ, ಆಮ್ಯಾಲ ಹುಡುಗನ್ನ ಕರೀರಿ ಅಂತ. ಓಣಿಗೆಲ್ಲಾ ಗೊತ್ತಿತ್ತು. ನಿನಗೊಬ್ಬಂಗ ಇಲ್ಲ."

ಸುವರ್ಣಾ ಏನೋ ಕೆಲಸ ನೆನಪಾದವಳಂತೆ ಹಿತ್ತಲಿಗೆ ಹೋದಳು. ಅವಳ ಭುಜಗಳು ಕುಣಿಯುತ್ತಿದ್ದವು.

"ಅಂದ್ರ ಇಷ್ಟ ದಿವಸ ನೀನ ಹೆಚ್ಚಾಕತ್ತಿದ್ದಿ. ಹೆಂಗಸರು ಮದಲ ಹೆಚ್ಚಬಾರದಲ್ಲ?"

"ನಾ ಎಲ್ಲಿ ಹೆಚ್ಚೇನಿ? ಗುರುತ ಹಾಕೇನಿ. ಹೆಚ್ಚಿದಾಂವ ನೀನ," ಎಂದಳು ಚಿಗವ್ವ. ಅವಳ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ.

ನಾನು ಹಣಮಂತನ ಕಾಯಿಯನ್ನು ಮಣೆಯ ಮೇಲಿಟ್ಟೆ. ಸಿಪ್ಪೆ ತೆಳು, ಚಾಕು ಸಾಕು, ಶಾರದಾ ಗಜ್ಜರಿಯಂತೆ ಹೆಚ್ಚಿದ ಕಾಯಿ. ಆದರೂ ಅಂಗಿಯ ತೋಳನ್ನು ಮತ್ತೊಮ್ಮೆ ಮಡಚಿಕೊಂಡೆ. ಗುರುತಿಲ್ಲವೆಂದು ತಿಳಿದೂ ಕಾಯಿಯ ಮುಂದೆ ನಾನು ಕೂತದ್ದು ಇದೇ ಮೊದಲು. ಮೊದಲ ಏಟು ಕುತ್ತಿಗೆಯಿಂದ ಜಾರಿತು. ಎರಡನೆಯದು ಸೊಟ್ಟಗೆ ಇಳಿಯಿತು. ಮೂರನೆಯದಕ್ಕೆ ಕಾಯಿ ಎರಡಾಯಿತು, ಒಂದು ದೊಡ್ಡದು, ಒಂದು ಸಣ್ಣದು. ಚಿಗವ್ವ ಎರಡನ್ನೂ ಎತ್ತಿ ನೋಡಿದಳು.

"ಹುಂ. ಕಲೀತಿ ತಗೋ," ಎಂದಳು.

ನನಗೀಗ ಅರವತ್ತಮೂರು.

ಗಾರಿಗಿಯ ವಿಷಯ ಬಾಕಿ ಉಳಿಯಿತು. ಅಷ್ಟು ಮಾನ ಹೋದ ಮೇಲೆ ರುಚಿಯ ವಿಚಾರದಲ್ಲಾದರೂ ಒಂದಿಷ್ಟು ಗಳಿಸಬೇಕೆಂಬ ಆಸೆಯಿತ್ತು. ಮಧ್ಯಾಹ್ನ ಸುವರ್ಣಾ ಎರಡು ತಾಟುಗಳಲ್ಲಿ ಗಾರಿಗಿ ತಂದಿಟ್ಟಳು. ಯಾವುದು ಯಾವುದರದೆಂದು ಕೇಳಿದೆ. ಅಷ್ಟು ಓದಿದವನು, ನೀನೇ ಹೇಳು ಎಂದಳು ಚಿಗವ್ವ. ಎಡಗಡೆಯದನ್ನು ಮುರಿದು ತುಪ್ಪಕ್ಕೆ ಅದ್ದಿ ತಿಂದೆ. ಬಲಗಡೆಯದನ್ನೂ ತಿಂದೆ. ಎಡದ್ದು ನಮ್ಮ ಕುಂಬಳ ಎಂದೆ. ಬೆಲ್ಲ ಹೇಗೆ ಒಳಗಿಳಿದಿದೆ ನೋಡಿ, ನಾಳೆಯೂ ಇದು ಮೆತ್ತಗೇ ಇರುತ್ತದೆ. ಬಲದ್ದು ಸಿಹಿ ನಿಜ, ಆದರೆ ಆ ಸಿಹಿ ನಾಲಿಗೆಯ ಮೇಲೆಯೇ ನಿಲ್ಲುತ್ತದೆ, ಗಂಟಲಿಗೆ ಇಳಿಯುವುದಿಲ್ಲ ಎಂದೆ. ಪ್ರಕಾಶ ಎರಡನ್ನೂ ತಿಂದು, ಬಲದ್ದೇ ನಮ್ಮದು, ತನಗೆ ಖಾತ್ರಿ ಐತಿ ಎಂದ. ಇಬ್ಬರೂ ಮಾತಿಗೆ ಮಾತು ಬೆಳೆಸಿದೆವು. ನಾನು ಗೆಣಸಿನ ಉದಾಹರಣೆ ಕೊಟ್ಟೆ. ಅವನು ಒಳಗಿನ ಬಣ್ಣ ತೋರಿಸಿದ. ಚಿಗವ್ವ ತನ್ನ ಪಾಲಿನದನ್ನು ಪೂರ್ತಿ ತಿಂದು, ಬಾಯಿ ಒರೆಸಿಕೊಂಡು ಹೇಳಿದಳು.

"ಎರಡೂ ಒಂದ ಹಿಟ್ಟು."

ನಮ್ಮ ಕುಂಬಳವನ್ನು ಬೇಯಿಸಿದರೆ ನೀರು ಬಿಟ್ಟಿತಂತೆ. ಅದಕ್ಕೆ ತಕ್ಕ ಹಿಟ್ಟು ಸುರಿದರೆ ಗಾರಿಗಿ ಹೋಗಿ ಚಪಾತಿಯಾಗುತ್ತದೆ. ಹೊಸ ಕಾಯಿ ನೀರೇ ಇಲ್ಲದೆ ಉಂಡೆಗಟ್ಟಿತಂತೆ. ಅದೊಂದರಲ್ಲೇ ತಟ್ಟಿದರೆ ಎಣ್ಣೆಯಲ್ಲಿ ಅಂಚು ಸ್ವಲ್ಪ ಬಿರಿಯಿತಂತೆ. ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದಳು, ಹಿಟ್ಟು ತಾನೇ ಹದಕ್ಕೆ ಬಂತು. ಇದರಲ್ಲಿ ಹೇಳುವುದೇನಿದೆ ಎಂಬಂತೆ ಹೇಳಿದಳು. ಎರಡು ತಾಟು ಯಾಕೆಂದರೆ ಮನೆಯಲ್ಲಿ ದೊಡ್ಡ ತಾಟು ಇರಲಿಲ್ಲ.

ಅಂಥ ಗಾರಿಗಿ ನಾನು ಹಿಂದೆಂದೂ ತಿಂದಿಲ್ಲ. ಹಾಗನಿಸಿತು. ಮೊದಲ ಕುಂಬಳವನ್ನೇ ಮರೆತವನ ನಾಲಿಗೆ ಹಳೆಯ ಗಾರಿಗಿಗಳನ್ನು ಎಷ್ಟು ನೆನಪಿಟ್ಟಿದೆಯೋ, ನಾನು ಹೇಳಲಾರೆ. ಆದ್ದರಿಂದ ನೀವು ಮನೆಯಲ್ಲಿ ಮಾಡಿ ನೋಡುವುದೇ ಒಳ್ಳೆಯದು: ಪಲ್ಯಕ್ಕೆ ಹಣಮಂತನ ಕಾಯಿ, ಹುಳಿಗೆ ನಮ್ಮದು, ಗಾರಿಗಿಗೆ ಎರಡೂ. ಮೊದಲ ಏಟು ಯಾರು ಹಾಕಬೇಕೆಂಬುದನ್ನು ನಿಮ್ಮ ನಿಮ್ಮ ಮನೆಗಳಲ್ಲಿ ತೀರ್ಮಾನಿಸಿಕೊಳ್ಳಿ.

ಸಂಜೆ ಜಮಖಂಡಿಗೆ ಬಂದು ದಿನಚರಿ ತೆಗೆದೆ. "ರಬಕವಿ. ಚಿಗವ್ವನ ಮನೆ. ಎರಡು ಕುಂಬಳ. ದುಂಡನೆಯದಕ್ಕೆ ಎರಡು ಏಟು, ಸಿಕ್ಕಿಬಿದ್ದದ್ದು ನನ್ನದು, ಒಡೆದದ್ದು ಚಿಗವ್ವನದು. ಕುತ್ತಿಗೆಯದಕ್ಕೆ ಮೂರು ಏಟು, ನನ್ನವು." ಓದಿ ನೋಡಿದೆ. ಒಂದಕ್ಷರ ತಿದ್ದುವಂತಿರಲಿಲ್ಲ.

ಬರೆಯದೆ ಬಿಟ್ಟದ್ದು ಒಂದೇ ಮಾತು. ನಾನು ಹೊರಡುವಾಗ ಚಿಗವ್ವ ಗಾರಿಗಿಯ ಡಬ್ಬಿ ಕೈಗಿಟ್ಟು ಹೊಸ್ತಿಲವರೆಗೆ ಬಂದಿದ್ದಳು. ಅಟ್ಟದ ಮೇಲೆ ಇನ್ನೊಂದು ಕುಂಬಳ ಇದೆ, ಬೆಳಗಲಿಯದೇ, ಇದಕ್ಕಿಂತ ದೊಡ್ಡದು ಎಂದಳು. ಆಮೇಲೆ ಕೇಳಿದಳು.

"ಅದಕ್ಕ ಅರಿಷಿಣ ಹಚ್ಚಲೋ, ಬ್ಯಾಡೋ?"

ಬಸ್ಸಿಗೆ ಹೊತ್ತಾಗಿತ್ತು. ಚಪ್ಪಲಿ ಮೆಟ್ಟಿದೆ, ಡಬ್ಬಿಯನ್ನು ಚೀಲಕ್ಕಿಳಿಸಿದೆ, ಓಣಿಯ ಆ ತುದಿಯವರೆಗೆ ಒಮ್ಮೆ ನೋಡಿದೆ.

"ಸ್ವಲ್ಪ ಹಚ್ಚು," ಎಂದೆ.